ಯಜಮಾನ ಬದಲಾದರೂ ಕರಾರು ಉಳಿಯುತ್ತದೆ

ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯ ಅಲ್ ಮಾಇದಃ ಒಂದು ಆಜ್ಞೆಯಿಂದಲೇ ಆರಂಭವಾಗುತ್ತದೆ. ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಕರೆದು, ತಾವು ಮಾಡಿಕೊಂಡ ಕರಾರುಗಳನ್ನು ಪೂರ್ಣವಾಗಿ ನೆರವೇರಿಸಬೇಕೆಂದು ಆದೇಶಿಸುತ್ತಾನೆ. ಆಹಾರದ ಹಲಾಲ್-ಹರಾಮ್, ವುಝೂ, ನ್ಯಾಯ, ಸಾಕ್ಷ್ಯ ಮುಂತಾದ ವಿಧಿಗಳೆಲ್ಲ ಆ ಬಳಿಕ ಬರುತ್ತವೆ. ಅಲ್ಲಿ ಬಳಸಲಾದ 'ಉಕೂದ್' ಎಂಬ ಪದವು 'ಅಕ್ದ್' ಎಂಬುದರ ಬಹುವಚನ. ಅದರ ಮೂಲಾರ್ಥ ಗಂಟು. ಮದುವೆಯೂ ಒಂದು ಅಕ್ದ್, ವ್ಯಾಪಾರವೂ ಒಂದು ಅಕ್ದ್. ಇಬ್ಬರು ಸೇರಿ ಹಾಕಿದ ಗಂಟನ್ನು ಒಬ್ಬನೇ ತನಗೆ ಬೇಕಾದಾಗ ಬಿಚ್ಚುವಂತಿಲ್ಲ.

ಆದರೆ ಹಗ್ಗದ ಒಂದು ತುದಿಯನ್ನು ಹಿಡಿದ ಕೈಯೇ ಬದಲಾದರೆ ಗಂಟಿನ ಗತಿಯೇನು? ಪಾಲುದಾರ ತೀರಿಕೊಂಡು ಅವನ ಮಕ್ಕಳು ಬಂದರೆ? ಅವನು ತನ್ನ ಪಾಲನ್ನು ಬೇರೆಯವನಿಗೆ ಮಾರಿದರೆ? ಅಂಗಡಿಯ ಕಟ್ಟಡ ಇನ್ನೊಬ್ಬರ ಕೈ ಸೇರಿದರೆ? ನಮ್ಮೊಡನೆ ಒಪ್ಪಂದ ಮಾಡಿಕೊಂಡ ಕಂಪನಿಯನ್ನೇ ಮತ್ತೊಂದು ಕಂಪನಿ ಕೊಂಡರೆ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪೇಟೆಗಳಲ್ಲಿ ನಮ್ಮ ಅನೇಕ ಕುಟುಂಬಗಳ ಅನ್ನ ಇಂಥ ಕೂಡು ವ್ಯಾಪಾರದಿಂದಲೇ ಹುಟ್ಟುತ್ತದೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹುಣಸೆಹಣ್ಣು, ಮಲ್ಲಿಗೆ ಹೂವು, ಲಾರಿ, ಗ್ಯಾರೇಜು ಎಲ್ಲದರಲ್ಲೂ ಇಬ್ಬರು ಮೂವರು ಕೈಕೂಡಿಸಿರುತ್ತಾರೆ. ಹೆಚ್ಚಿನವು ಬಾಯಿಮಾತಿನ ಮೇಲೆ ನಿಂತಿರುತ್ತವೆ. ಮಾತು ಕೊಟ್ಟವರು ಬದುಕಿರುವವರೆಗೆ ಅವು ಚೆನ್ನಾಗಿಯೇ ನಡೆಯುತ್ತವೆ. ಜಗಳ ಹುಟ್ಟುವುದು ಮಾತು ಕೊಟ್ಟವನು ಮಣ್ಣು ಸೇರಿದ ಮೇಲೆ.

ಒಂದು ಲೆಕ್ಕ ನೋಡೋಣ

ಇಬ್ಬರು ಗೆಳೆಯರು ಹತ್ತು ವರ್ಷಗಳ ಹಿಂದೆ ತಲಾ ಒಂದು ಲಕ್ಷ ರೂಪಾಯಿ ಹಾಕಿ ಕಾಳುಕಡಿ ವ್ಯಾಪಾರ ಆರಂಭಿಸಿದರೆಂದು ಇಟ್ಟುಕೊಳ್ಳಿ. ಲಾಭ-ನಷ್ಟ ಸಮಪಾಲು. ಒಬ್ಬ ತೀರಿಕೊಂಡ. ಅವನಿಗೆ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ತಂದೆತಾಯಿಗಳು ಮೊದಲೇ ತೀರಿಹೋಗಿದ್ದಾರೆ. ಮೂರು ದಿನ ಕಳೆದ ಮೇಲೆ ಉಳಿದ ಪಾಲುದಾರ ಮನೆಗೆ ಬಂದು, "ಭಾಬೀ, ಇದು ಅವನು ಹಾಕಿದ್ದ ಒಂದು ಲಕ್ಷ, ಮೇಲೆ ಹತ್ತು ಸಾವಿರ ನನ್ನ ಕಡೆಯಿಂದ, ಮಕ್ಕಳ ಖರ್ಚಿಗೆ ಇರಲಿ" ಎಂದು ಕೊಟ್ಟು ಹೋಗುತ್ತಾನೆ. ಸುತ್ತಲಿದ್ದವರು, ಎಂಥ ದೊಡ್ಡ ಮನಸ್ಸು ಎಂದು ಕೊಂಡಾಡುತ್ತಾರೆ.

ಈಗ ಲೆಕ್ಕ ಮಾಡಿ. ಆ ದಿನ ಗೋದಾಮಿನಲ್ಲಿದ್ದ ಮಾಲು ಆರು ಲಕ್ಷದ್ದು. ಬರಬೇಕಾದ ಉದ್ರಿ ಮೂರು ಲಕ್ಷ. ಕೈಯಲ್ಲಿ ನಗದು ಒಂದು ಲಕ್ಷ. ಒಟ್ಟು ಹತ್ತು ಲಕ್ಷ. ರೈತರಿಗೆ, ಹಮಾಲರಿಗೆ, ಲಾರಿಯವರಿಗೆ ಕೊಡಬೇಕಾದ ಎರಡು ಲಕ್ಷ ಕಳೆದರೆ ಉಳಿಯುವುದು ಎಂಟು ಲಕ್ಷ. ಮೃತನ ಪಾಲು ನಾಲ್ಕು ಲಕ್ಷ. ಅವನಿಗೆ ಬೇರೆ ಸಾಲವಾಗಲಿ ವಸೀಯತ್ತಾಗಲಿ ಇಲ್ಲದಿದ್ದರೆ ಅನ್ನಿಸಾ ಅಧ್ಯಾಯದ ವಿಧಿಯಂತೆ ಪತ್ನಿಗೆ ಎಂಟನೆಯ ಒಂದು ಪಾಲು, ಅಂದರೆ 50,000 ರೂಪಾಯಿ. ಉಳಿದ 3,50,000ದಲ್ಲಿ ಮಗನಿಗೆ 1,75,000, ಹೆಣ್ಣುಮಕ್ಕಳಿಗೆ ತಲಾ 87,500. ಹಾಗಾದರೆ ಆ ದೊಡ್ಡ ಮನಸ್ಸಿನವನು ಇಟ್ಟುಕೊಂಡದ್ದು ಎಷ್ಟು? ಎರಡು ಲಕ್ಷದ ತೊಂಬತ್ತು ಸಾವಿರ! ಅದರಲ್ಲಿ ಹೆಚ್ಚಿನದು ಅನಾಥರ ಸೊತ್ತು. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಸಿಕೊಳ್ಳುತ್ತಾರೆಂದು ಅದೇ ಅನ್ನಿಸಾ ಅಧ್ಯಾಯದ ಹತ್ತನೆಯ ವಚನ ಎಚ್ಚರಿಸುತ್ತದೆ. ಮೇಲೆ ಕೊಟ್ಟ ಹತ್ತು ಸಾವಿರವನ್ನು ಅವನು ಸದಕಾ ಎಂದು ಎಣಿಸಿಕೊಂಡಿದ್ದಾನೆ. ವಾಸ್ತವದಲ್ಲಿ ಅದು ಅವರದೇ ಹಣ.

ಬಿಡುಗಡೆ ಯಾವುದಕ್ಕೆ, ಬಂಧನ ಯಾವುದಕ್ಕೆ?

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಶಿರ್ಕತ್ ಅಥವಾ ಪಾಲುದಾರಿಕೆ ಎಂಬುದು ವ್ಯಕ್ತಿಯ ಮೇಲಿನ ನಂಬಿಕೆಯಿಂದ ಹುಟ್ಟುವಂಥದು. ಪ್ರತಿಯೊಬ್ಬ ಪಾಲುದಾರನೂ ಇನ್ನೊಬ್ಬನ ವಕೀಲ, ಅಂದರೆ ಅವನ ಪರವಾಗಿ ಕೊಳ್ಳುವ, ಮಾರುವ ಅಧಿಕಾರ ಉಳ್ಳವನು. ಆದುದರಿಂದಲೇ ಒಬ್ಬನ ಮರಣದೊಂದಿಗೆ ಪಾಲುದಾರಿಕೆ ಮುಗಿಯುತ್ತದೆಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ಗೆಳೆಯನನ್ನು ನಂಬಿದವನು ಗೆಳೆಯನ ಮಗನನ್ನೂ ಅಳಿಯನನ್ನೂ ನಂಬಲೇಬೇಕೆಂಬ ಬಲವಂತವಿಲ್ಲ. ಅವರಿಗೂ ಇವನ ಜೊತೆ ಮುಂದುವರಿಯಲೇಬೇಕೆಂಬ ಬಲವಂತವಿಲ್ಲ. ಇಬ್ಬರೂ ಒಪ್ಪಿದರೆ ಅದು ಹೊಸ ಕರಾರು.

ಆದರೆ ಬಿಡುಗಡೆ ಇರುವುದು ಮುಂದಿನ ವ್ಯಾಪಾರದಿಂದ ಮಾತ್ರ. ಆ ದಿನದವರೆಗೆ ಹುಟ್ಟಿದ ಹಕ್ಕು ಮತ್ತು ಹೊಣೆಗಳಲ್ಲಿ ಒಂದು ಕಾಸೂ ಅಳಿಯುವುದಿಲ್ಲ. ಗೋದಾಮಿನ ಮಾಲಿನಲ್ಲಿ ಮೃತನಿಗಿದ್ದ ಒಡೆತನ ಆ ಗಳಿಗೆಯಲ್ಲೇ ವಾರಸುದಾರರಿಗೆ ಸೇರುತ್ತದೆ. ಬದುಕಿ ಉಳಿದವನ ಕೈಯಲ್ಲಿರುವುದು ಅವರ ಅಮಾನತ್. ಅವರ ಒಪ್ಪಿಗೆಯಿಲ್ಲದೆ ಅದನ್ನು ಮುಂದಿನ ವ್ಯಾಪಾರಕ್ಕೆ ಹೂಡುವ ಅಧಿಕಾರ ಅವನಿಗಿಲ್ಲ. ಹಾಗೆಯೇ ವಾರಸುದಾರರು ಕೂಡ ಲಾಭದ ಪಾಲನ್ನು ಕೇಳಿ, ಸಾಲದ ಪಾಲು ಬಂದಾಗ "ಅದು ಅಪ್ಪನ ವ್ಯವಹಾರ, ನಮಗೆ ಗೊತ್ತಿಲ್ಲ" ಎನ್ನುವಂತಿಲ್ಲ. ಮೃತನ ಸೊತ್ತಿನಿಂದ ಮೊದಲು ಅಂತ್ಯಕ್ರಿಯೆಯ ವೆಚ್ಚ, ಬಳಿಕ ಸಾಲ, ಬಳಿಕ ಮೂರನೆಯ ಒಂದರೊಳಗಿನ ವಸೀಯತ್, ಆ ಮೇಲೆಯೇ ವಾರಸು.

ಖೈಬರಿನ ಹೊಲಗಳು

ಹಿಜ್ರಿ 7ರಲ್ಲಿ ಖೈಬರ್ ವಿಜಯವಾದಾಗ ಅಲ್ಲಿನ ಯಹೂದಿಯರಿಗೆ ಪ್ರವಾದಿವರ್ಯರು(ಸ) ಹೊಲ, ತೋಟಗಳನ್ನು ಅರ್ಧ ಫಸಲಿನ ಮೇಲೆ ಸಾಗುವಳಿಗೆ ಬಿಟ್ಟುಕೊಟ್ಟರು. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಕೋರಿಗೆ ಕೊಟ್ಟರು. ಪ್ರವಾದಿವರ್ಯರು(ಸ) ಇಹಲೋಕ ತ್ಯಜಿಸಿದ ಬಳಿಕ ಅಬೂಬಕರ್(ರ) ಅವರ ಆಡಳಿತ ಬಂತು. ಅವರ ಕಾಲದಲ್ಲೂ, ಉಮರ್(ರ) ಅವರ ಆಡಳಿತದ ಆರಂಭದಲ್ಲೂ ಅದೇ ಕರಾರು ನಡೆಯಿತು. ಅಬೂಬಕರ್ ಮತ್ತು ಉಮರ್ ಆ ಕರಾರನ್ನು ಹೊಸದಾಗಿ ಬರೆಸಿಕೊಂಡರೆಂಬ ಉಲ್ಲೇಖವಿಲ್ಲ ಎಂಬುದನ್ನು ಇಮಾಮ್ ಬುಖಾರಿ ವಿಶೇಷವಾಗಿ ಗುರುತಿಸುತ್ತಾರೆ. ಜಮೀನು ಬಾಡಿಗೆಗೆ ಪಡೆದ ಮೇಲೆ ಇಬ್ಬರಲ್ಲೊಬ್ಬರು ತೀರಿಕೊಂಡರೆ ಏನು ಮಾಡಬೇಕೆಂಬ ಅಧ್ಯಾಯದಲ್ಲೇ ಅವರು ಈ ಘಟನೆಯನ್ನು ತಂದಿದ್ದಾರೆ. ಅವಧಿ ಮುಗಿಯುವ ಮೊದಲು ಮೃತನ ಮನೆಯವರು ಬಾಡಿಗೆದಾರನನ್ನು ಹೊರಹಾಕುವಂತಿಲ್ಲ ಎಂಬ ಇಬ್ನು ಸೀರೀನ್‌ರ ಅಭಿಪ್ರಾಯವೂ ಅಲ್ಲೇ ಇದೆ.

ಶಾಫಿಈ, ಮಾಲಿಕೀ, ಹಂಬಲೀ ವಿದ್ವಾಂಸರು ಹೀಗೆಯೇ ತೀರ್ಪು ನೀಡುತ್ತಾರೆ. ನಮ್ಮ ಈ ಭಾಗದಲ್ಲಿ ಹೆಚ್ಚಾಗಿರುವ ಹನಫೀ ಮದ್‌ಹಬ್‌ನಲ್ಲಿ, ತನಗಾಗಿ ಬಾಡಿಗೆ ಕರಾರು ಮಾಡಿಕೊಂಡವನು ತೀರಿಕೊಂಡರೆ ಕರಾರು ಮುಗಿಯುತ್ತದೆ. ಆದರೆ ಹೊಲದಲ್ಲಿ ಬೆಳೆ ನಿಂತಿದ್ದರೆ ಕಟಾವಿನವರೆಗೆ ಅದನ್ನು ಉಳಿಸಬೇಕೆಂದು ಹನಫೀ ವಿದ್ವಾಂಸರೂ ಹೇಳಿದ್ದಾರೆ. ನಿಂತ ಶೇಂಗಾ ಬೆಳೆಯಲ್ಲಿ ಟ್ರ್ಯಾಕ್ಟರ್ ಬಿಡುವ ಹಕ್ಕನ್ನು ಯಾವ ಮದ್‌ಹಬ್ ಕೂಡ ಹೊಸ ಯಜಮಾನನಿಗೆ ಕೊಟ್ಟಿಲ್ಲ.

ಇನ್ನೊಂದು ಘಟನೆ ಕೇಳಿ. ಬಹ್ರೈನ್‌ನಿಂದ ಹಣ ಬಂದರೆ ಇಂತಿಷ್ಟು ಕೊಡುವೆನೆಂದು ಪ್ರವಾದಿವರ್ಯರು(ಸ) ಜಾಬಿರ್ ಬಿನ್ ಅಬ್ದಿಲ್ಲಾ(ರ) ಅವರಿಗೆ ಕೈಗಳಿಂದ ತೋರಿಸಿ ಹೇಳಿದ್ದರು. ಆ ಹಣ ಬರುವ ಮೊದಲೇ ಅವರು ನಿಧನರಾದರು. ಹಣ ಬಂದಾಗ ಅಬೂಬಕರ್(ರ) ಡಂಗುರ ಹೊಡೆಸಿದರು: ಪ್ರವಾದಿವರ್ಯರಿಂದ ಯಾರಿಗೆ ಸಾಲ ಬರಬೇಕಾಗಿದೆಯೋ, ಯಾರಿಗೆ ಮಾತು ಕೊಟ್ಟಿದ್ದರೋ ಅವರು ಬರಲಿ. ಜಾಬಿರ್ ಹೋದರು. ಅಬೂಬಕರ್(ರ) ಬೊಗಸೆ ತುಂಬ ನಾಣ್ಯ ಕೊಟ್ಟು ಎಣಿಸಲು ಹೇಳಿದರು. ಐನೂರಿತ್ತು. ಇದರ ಎರಡರಷ್ಟನ್ನು ಮತ್ತೆ ತೆಗೆದುಕೋ ಎಂದರು. ಅದು ಬರೆದ ಪತ್ರವಾಗಿರಲಿಲ್ಲ, ಸಾಲವೂ ಆಗಿರಲಿಲ್ಲ, ಬಾಯಿಮಾತಿನ ಒಂದು ವಾಗ್ದಾನ. ಅಧಿಕಾರ ಸ್ವೀಕರಿಸಿದವರು ಅಧಿಕಾರದ ಜೊತೆಗೆ ಹಿಂದಿನವರ ಮಾತನ್ನೂ ಹೊತ್ತುಕೊಂಡರು. ಅದೂ ಕೇಳಿ ಬಂದವನಿಗೆ ಕೊಟ್ಟದ್ದಷ್ಟೇ ಅಲ್ಲ, ತಾವಾಗಿ ಕೂಗಿ ಕರೆದು ಕೊಟ್ಟರು.

ಝುಬೈರ್ ಬಿನ್ ಅವ್ವಾಮ್(ರ) ಅವರ ಮನೆಯ ಕಥೆಯೂ ಬುಖಾರಿಯಲ್ಲಿದೆ. ಅವರು ಹಿಜ್ರಿ 36ರಲ್ಲಿ ನಿಧನರಾದಾಗ ಇಪ್ಪತ್ತೆರಡು ಲಕ್ಷದ ಸಾಲವಿತ್ತು. ಮಗ ಅಬ್ದುಲ್ಲಾ(ರ) ಜಮೀನು ಮಾರಿ ಸಾಲ ತೀರಿಸಿದರು. ಒಡಹುಟ್ಟಿದವರು ವಾರಸು ಹಂಚಲು ಕೇಳಿದರು. ಅವರು ಒಪ್ಪಲಿಲ್ಲ. ನಾಲ್ಕು ವರ್ಷ ಹಜ್ಜಿನ ಕಾಲದಲ್ಲಿ, ನಮ್ಮ ತಂದೆಯಿಂದ ಯಾರಿಗಾದರೂ ಬರಬೇಕಾದುದಿದ್ದರೆ ಬನ್ನಿ ಎಂದು ಸಾರಿಸಿದ ಮೇಲೆಯೇ ಪಾಲು ಮಾಡಿದರು. ನಾವು ಜನಾಝಾ ನಮಾಝಿನ ಹೊತ್ತಿಗೆ ಒಂದು ನಿಮಿಷ ನಿಂತು, ಸಾಲವಿದ್ದರೆ ಹೇಳಿ ಎಂದು ಕೂಗುತ್ತೇವೆ. ಅದು ಒಳ್ಳೆಯ ಪದ್ಧತಿ. ಆದರೆ ಆ ಕೂಗನ್ನು ಕೇಳಿ ಮರುವಾರ ಬಂದ ಹಮಾಲನನ್ನು ಬಾಗಿಲಲ್ಲೇ ನಿಲ್ಲಿಸಿ ಸಾಕ್ಷಿ ಕೇಳುತ್ತೇವಲ್ಲ!

ಪಾಲನ್ನು ಮಾರುವ ಮೊದಲು

ಬದುಕಿರುವಾಗಲೇ ಪಾಲುದಾರ ಹೊರಹೋಗಲು ಬಯಸಬಹುದು. ಅದು ಅವನ ಹಕ್ಕು. ಆದರೆ ಕೂಡು ಜಮೀನು ಅಥವಾ ಕಟ್ಟಡದಲ್ಲಿರುವ ಪಾಲನ್ನು ಮಾರುವ ಮೊದಲು ಜೊತೆಗಾರನಿಗೆ ತಿಳಿಸಬೇಕು, ಅವನು ಬೇಕೆಂದರೆ ಕೊಳ್ಳಲಿ, ಬೇಡವೆಂದರೆ ಬಿಡಲಿ, ತಿಳಿಸದೆ ಮಾರಿದರೆ ಅದನ್ನು ಪಡೆಯಲು ಜೊತೆಗಾರನೇ ಹೆಚ್ಚು ಹಕ್ಕುದಾರ ಎಂಬ ಆಶಯದ ಹದೀಸ್ ಜಾಬಿರ್(ರ) ಅವರಿಂದಲೇ ಮುಸ್ಲಿಮ್ ಗ್ರಂಥದಲ್ಲಿ ವರದಿಯಾಗಿದೆ. ಇದಕ್ಕೆ ಶುಫ್ಅಃ ಎನ್ನುತ್ತಾರೆ. ಅಪರಿಚಿತನೊಬ್ಬ ಒಮ್ಮೆಲೇ ಬಂದು ಪಕ್ಕದಲ್ಲಿ ಕುಳಿತರೆ ಆಗುವ ಕಷ್ಟವನ್ನು ತಡೆಯುವುದೇ ಇದರ ಉದ್ದೇಶ. ದೊಡ್ಡ ಕಂಪನಿಗಳು ಇಂದು ಪಾಲುದಾರಿಕೆಯ ಪತ್ರಗಳಲ್ಲಿ, ಪಾಲು ಮಾರುವಾಗ ಮೊದಲು ನಮಗೇ ಕೇಳಬೇಕು ಎಂದು ಬರೆಸಿಕೊಳ್ಳುತ್ತವೆ. ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಲಾದ ನೀತಿಯನ್ನು ನಾವು ನಮ್ಮ ಅಣ್ಣತಮ್ಮಂದಿರ ವ್ಯಾಪಾರದಲ್ಲೇ ಬರೆಯಿಸುವುದಿಲ್ಲ.

ಬಾಡಿಗೆಯ ಅಂಗಡಿಯನ್ನು ಮಾಲೀಕ ಮಾರಿದಾಗಲೂ ಅಷ್ಟೇ. ಮಾರಾಟದಿಂದ ಬಾಡಿಗೆದಾರನ ಉಳಿದ ಅವಧಿ ಅಳಿಯುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೆಯ ಕಲಮಿನಂತೆ ಕೊಂಡವನು ಹಳೆಯ ಮಾಲೀಕನ ಸ್ಥಾನಕ್ಕೆ ಬರುತ್ತಾನೆ. ಫಿಕ್‌ಹ್ ಕೂಡ ಅವಧಿ ಮುಗಿಯುವ ಮೊದಲು ಅವನನ್ನು ಎಬ್ಬಿಸಲು ಬಿಡುವುದಿಲ್ಲ. ಆದರೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಪತ್ರ ನೋಂದಣಿಯಾಗಿರಬೇಕು. ಬಿಳಿ ಹಾಳೆಯಲ್ಲಿ ಬರೆದ ಐದು ವರ್ಷದ ಕರಾರು ಕಷ್ಟಕಾಲದಲ್ಲಿ ಕೈಕೊಡುತ್ತದೆ.

ಬರೆಯಿರಿ ಎಂಬ ಆಜ್ಞೆ

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ನಮಾಝಿನ ಬಗ್ಗೆಯೋ ಹಜ್ಜಿನ ಬಗ್ಗೆಯೋ ಬಂದುದಲ್ಲ. ಅಲ್ ಬಕರಃದ 282ನೆಯ ಆ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು, ದುರ್ಬಲನ ಪರವಾಗಿ ಅವನ ಪೋಷಕ ಹೇಳಿ ಬರೆಯಿಸಬೇಕು ಎಂದೆಲ್ಲ ಅದು ವಿವರಿಸುತ್ತದೆ. ನಮ್ಮಲ್ಲಿ ಪತ್ರ ಮಾಡೋಣ ಎಂದರೆ, "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಮುಖ ಕೆಡಿಸಿಕೊಳ್ಳುತ್ತಾರೆ. ಅಯ್ಯಾ, ನಿನ್ನ ಮೇಲೆ ನಂಬಿಕೆ ಇದೆ. ನಿನ್ನ ಆಯುಸ್ಸಿನ ಮೇಲೆ ನಿನಗೇ ಅಧಿಕಾರವಿಲ್ಲ. ಪತ್ರವು ನಾಳೆ ನಿನ್ನ ಸ್ಥಾನದಲ್ಲಿ ಬಂದು ಕೂರುವವನಿಗಾಗಿ.

ಹಾಗಾದರೆ ಏನು ಬರೆಯಬೇಕು? ಬಂಡವಾಳ ಮತ್ತು ಲಾಭದ ಪಾಲನ್ನು ಎಲ್ಲರೂ ಬರೆಯುತ್ತಾರೆ. ಬದಲಾವಣೆಯ ದಿನಕ್ಕಾಗಿ ಬರೆಯುವವರು ವಿರಳ.

ಒಂದು, ಒಬ್ಬನು ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಲೆಕ್ಕ ಯಾವ ದಿನಕ್ಕೆ, ಯಾರ ಮುಂದೆ ಆಗಬೇಕು, ಮಾಲಿಗೆ ಬೆಲೆ ಕಟ್ಟುವವರು ಯಾರು, ಎಷ್ಟು ತಿಂಗಳೊಳಗೆ ಹಣ ಕೊಡಬೇಕು.

ಎರಡು, ವಾರಸುದಾರರು ವ್ಯಾಪಾರದಲ್ಲಿ ಸೇರಲು ಎಲ್ಲರ ಒಪ್ಪಿಗೆ ಬೇಕೇ ಎಂಬುದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಂತೆ, ಬೇರೆ ಕರಾರು ಇಲ್ಲದಿದ್ದರೆ ಒಬ್ಬನ ಮರಣದಿಂದ ಫರ್ಮು ವಿಸರ್ಜನೆಯಾಗುತ್ತದೆ, ಎಲ್ಲರ ಒಪ್ಪಿಗೆಯಿಲ್ಲದೆ ಹೊಸಬನು ಪಾಲುದಾರನಾಗುವುದಿಲ್ಲ. ಇಬ್ಬರೇ ಇದ್ದ ಫರ್ಮು ಒಬ್ಬನ ಮರಣದ ಬಳಿಕ ಉಳಿಯದು, ವಾರಸುದಾರರ ಜೊತೆ ನಡೆಯುವುದು ಹೊಸ ಪಾಲುದಾರಿಕೆ ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ನಮ್ಮ ಫಿಕ್‌ಹ್‌ನ ಮಾತೂ ಇದೇ ಅಲ್ಲವೇ?

ಮೂರು, ಲೆಕ್ಕ ತೀರಿಸದೆ ಉಳಿದವರು ಅದೇ ಬಂಡವಾಳದಲ್ಲಿ ವ್ಯಾಪಾರ ಮುಂದುವರಿಸಿದರೆ ಏನು ಎಂಬುದು. ಅದೇ ಕಾಯ್ದೆಯ 37ನೆಯ ಕಲಮು ಹೊರಹೋದವನಿಗೆ ಅಥವಾ ಮೃತನ ವಾರಸುದಾರರಿಗೆ ಒಂದು ಆಯ್ಕೆ ಕೊಡುತ್ತದೆ: ತಮ್ಮ ಹಣದಿಂದ ಹುಟ್ಟಿದ ಲಾಭದ ಪಾಲು, ಇಲ್ಲವೇ ವರ್ಷಕ್ಕೆ ಶೇಕಡಾ ಆರು ಬಡ್ಡಿ. ಮುಸ್ಲಿಮನಿಗೆ ಇಲ್ಲಿ ಗೊಂದಲವಿಲ್ಲ. ಬಡ್ಡಿಯನ್ನು ಬಿಟ್ಟು ಲಾಭದ ಪಾಲನ್ನೇ ಆರಿಸಿಕೊಳ್ಳುತ್ತೇವೆಂದು ಪತ್ರದಲ್ಲೇ ಬರೆಯಿಸಬಹುದು.

ನಾಲ್ಕು, ಚಿಕ್ಕ ಮಕ್ಕಳ ಪಾಲನ್ನು ಯಾರು ನೋಡಿಕೊಳ್ಳಬೇಕು. ಮುಸ್ಲಿಮ್ ಕಾನೂನಿನಲ್ಲಿ ಅಪ್ರಾಪ್ತರ ಸೊತ್ತಿನ ಮೇಲೆ ತಾಯಿಗಾಗಲಿ ಚಿಕ್ಕಪ್ಪನಿಗಾಗಲಿ ತಾನಾಗಿಯೇ ಅಧಿಕಾರ ಬರುವುದಿಲ್ಲ. ತಂದೆಯಾದವನು ಬದುಕಿರುವಾಗಲೇ ವಸೀಯತ್ತಿನಲ್ಲಿ ನಂಬಿಗಸ್ತರೊಬ್ಬರನ್ನು ವಸಿಯಾಗಿ ನೇಮಿಸಬೇಕು. ಅದು ಪತ್ನಿಯೇ ಆಗಿರಬಹುದು.

ಐದು, ಬಿಟ್ಟುಹೋಗುವವನು ಸಾರ್ವಜನಿಕ ಪ್ರಕಟಣೆ ನೀಡಬೇಕು. ನೋಂದಾಯಿತ ಫರ್ಮಿನಲ್ಲಿ ರಿಜಿಸ್ಟ್ರಾರರಿಗೂ ತಿಳಿಸಬೇಕು. ಇಲ್ಲದಿದ್ದರೆ ಅವನು ಹೊರಬಂದ ಬಳಿಕ ಫರ್ಮು ಮಾಡಿದ ಸಾಲಕ್ಕೂ ಅವನನ್ನು ಹಿಡಿಯಬಹುದು. ಫರ್ಮನ್ನು ನೋಂದಾಯಿಸುವುದೂ ಅಗತ್ಯ. ನೋಂದಣಿಯಿಲ್ಲದ ಫರ್ಮು ಬಾಕಿದಾರನ ಮೇಲೆ ಕರಾರಿನ ದಾವೆ ಹೂಡಲಾಗದು.

ಕಂಪನಿಯೇ ಕೈ ಬದಲಾದಾಗ

ಹರಪನಹಳ್ಳಿ, ಹಡಗಲಿ ಸೀಮೆಯಲ್ಲಿ ಗಾಳಿಯಂತ್ರಗಳನ್ನು ಕಾಣುತ್ತೇವೆ. ಇಂಥ ಯೋಜನೆಗಳಿಗೆ ಜಮೀನನ್ನು ದೀರ್ಘಾವಧಿಯ ಕರಾರಿನ ಮೇಲೆ ಕೊಡುವವರು ಒಂದು ಮಾತನ್ನು ನೆನಪಿಡಬೇಕು. ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಕಂಪನಿ ಮಾರಾಟವಾಗುವುದು ಅಪರೂಪವೇನಲ್ಲ. ಕಂಪನಿಯ ಷೇರುಗಳು ಮಾತ್ರ ಕೈ ಬದಲಾದರೆ ಕಂಪನಿ ಅದೇ ಇರುತ್ತದೆ, ಕರಾರೂ ಹಾಗೆಯೇ ಇರುತ್ತದೆ. ಯೋಜನೆಯನ್ನೇ ಬೇರೆ ಕಂಪನಿಗೆ ವರ್ಗಾಯಿಸಿದರೆ ಎದುರಿನ ಪಕ್ಷಗಾರನೇ ಬದಲಾಗುತ್ತಾನೆ. ಆದುದರಿಂದ ವರ್ಗಾವಣೆಗೆ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು, ಹಳೆಯ ಬಾಕಿ ತೀರಿಸಬೇಕು, ಬರುವವರು ಎಲ್ಲ ಹೊಣೆಗಳನ್ನು ಲಿಖಿತವಾಗಿ ಒಪ್ಪಬೇಕು, ಅಲ್ಲಿಯವರೆಗೆ ಹಳೆಯವರು ಬಿಡುಗಡೆಯಾಗಬಾರದು ಎಂಬ ನಾಲ್ಕು ಮಾತುಗಳು ಪತ್ರದಲ್ಲಿರಲಿ.

ಹೆಸರು ಬದಲಾದರೂ ಹೊಣೆ ಉಳಿಯುವುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಯಿದೆ. ಬಳ್ಳಾರಿಯಲ್ಲಿ 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆರಂಭವಾಯಿತು. 2005ರಲ್ಲಿ ಅದು ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2013ರಲ್ಲಿ ಪ್ರಗತಿ ಕೃಷ್ಣಾ ಎಂದಾಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ ತಿಂಗಳಲ್ಲಿ ಧಾರವಾಡದ ಬ್ಯಾಂಕೂ ಅದರೊಡನೆ ಕೂಡಿತು. ಬಡ್ಡಿಯ ವಿಷಯ ಬೇರೆ, ಅದರಲ್ಲಿ ನಮ್ಮ ನಿಲುವು ಎಲ್ಲರಿಗೂ ತಿಳಿದದ್ದೇ. ಇಲ್ಲಿ ನೋಡಬೇಕಾದುದು ಇಷ್ಟೇ: ಫಲಕ ಬದಲಾಯಿತೆಂದು ಹಳೆಯ ಪಾಸ್‌ಬುಕ್ಕಿನ ಹಣ ನಮ್ಮದಲ್ಲ ಎನ್ನಲು ಹೊಸ ಬ್ಯಾಂಕಿಗೆ ಅವಕಾಶವಿಲ್ಲ. ಹರಪನಹಳ್ಳಿ ತಾಲೂಕನ್ನೇ ನೋಡಿ. 1997ರಲ್ಲಿ ಅದು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕಗಳ ಬಳಿಕ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಉಳಿದ ಐದು ತಾಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಅದರಿಂದ ಯಾರ ಹೊಲದ ಕ್ರಯಪತ್ರವೂ ರದ್ದಾಗಲಿಲ್ಲ. ಮನುಷ್ಯರು ಮಾಡಿದ ಕಾನೂನು ಇಷ್ಟು ಹೊಣೆಯನ್ನು ಕಾಪಾಡುವಾಗ, ಅಲ್ಲಾಹನ ಆಜ್ಞೆಗೆ ತಲೆಬಾಗಿದವರು ಅಂಗಡಿಯ ಫಲಕ ಬದಲಿಸಿ ಹಳೆಯ ಉದ್ರಿ ಚೀಟಿಯನ್ನು ಹರಿಯಬಹುದೇ?

ಮೂರನೆಯವನು ಇದ್ದಾನೆ

ಸಾಇಬ್(ರ) ಎಂಬವರು ಪ್ರವಾದಿತ್ವಕ್ಕೆ ಮೊದಲು ಮುಹಮ್ಮದ್(ಸ) ಅವರ ವ್ಯಾಪಾರದಲ್ಲಿ ಪಾಲುದಾರರಾಗಿದ್ದರು. ಎಷ್ಟೋ ವರ್ಷಗಳ ಬಳಿಕ ಭೇಟಿಯಾದಾಗ ಅವರು ತಮ್ಮ ಹಳೆಯ ಜೊತೆಗಾರನ ಬಗ್ಗೆ, ಬಹಳ ಒಳ್ಳೆಯ ಪಾಲುದಾರ, ವಾದಕ್ಕೆ ನಿಲ್ಲುತ್ತಿರಲಿಲ್ಲ, ಜಗಳಕ್ಕೆ ಬರುತ್ತಿರಲಿಲ್ಲ ಎಂಬ ಆಶಯದ ಸಾಕ್ಷ್ಯ ನುಡಿದರು. ನಮ್ಮ ಬಗ್ಗೆ ನಮ್ಮ ಪಾಲುದಾರರು, ಅವರಿಲ್ಲದಿದ್ದರೆ ಅವರ ವಿಧವೆಯರು, ಮಕ್ಕಳು ಯಾವ ಸಾಕ್ಷ್ಯ ನುಡಿದಾರು?

ದಾವೂದ್(ಅ) ಅವರ ಮುಂದೆ ಕುರಿಗಳ ವ್ಯಾಜ್ಯ ತಂದ ಇಬ್ಬರ ಪ್ರಸಂಗ ಸ್ವಾದ್ ಅಧ್ಯಾಯದಲ್ಲಿದೆ. ಪಾಲುದಾರರಲ್ಲಿ ಅನೇಕರು ಒಬ್ಬರ ಮೇಲೊಬ್ಬರು ಅತಿಕ್ರಮವೆಸಗುತ್ತಾರೆ, ವಿಶ್ವಾಸವಿರಿಸಿ ಸತ್ಕರ್ಮ ಮಾಡುವವರ ಹೊರತು, ಅಂಥವರು ಸ್ವಲ್ಪವೇ ಎಂಬ ಭಾವದ ಮಾತು ಅಲ್ಲಿ ಬರುತ್ತದೆ. ಆ ಸ್ವಲ್ಪ ಮಂದಿಯಲ್ಲಿ ಸೇರಲು ನಾವು ಪ್ರಯತ್ನಿಸಬೇಕು. ಇಬ್ಬರು ಪಾಲುದಾರರಲ್ಲಿ ಒಬ್ಬನು ಇನ್ನೊಬ್ಬನಿಗೆ ವಂಚಿಸದಿರುವ ತನಕ ಅವರ ಜೊತೆ ಮೂರನೆಯವನಾಗಿ ಅಲ್ಲಾಹನಿರುತ್ತಾನೆ, ವಂಚನೆ ನುಸುಳಿದೊಡನೆ ಅವನ ಸಹಾಯ ದೂರವಾಗುತ್ತದೆ ಎಂಬರ್ಥದ ಹದೀಸನ್ನು ಅಬೂದಾವೂದ್ ಉದ್ಧರಿಸಿದ್ದಾರೆ. ಪಾಲುದಾರ ಮರಣ ಹೊಂದಬಹುದು, ಮಾರಿ ಹೋಗಬಹುದು, ಅವನ ಮಕ್ಕಳಿಗೆ ಲೆಕ್ಕ ಗೊತ್ತಿಲ್ಲದಿರಬಹುದು. ಆ ಮೂರನೆಯವನಿಗೆ ಮರಣವಿಲ್ಲ, ಮರೆವಿಲ್ಲ. ಅವನ ಬಳಿಯಿರುವ ಲೆಕ್ಕದ ಪುಸ್ತಕದಲ್ಲಿ ಯಾವ ಹಾಳೆಯೂ ಹರಿಯುವುದಿಲ್ಲ.

ಪ್ರಿಯ ಓದುಗರೇ, ಈ ಪುಟವನ್ನು ಮಡಚಿಟ್ಟ ಮೇಲೆ ನಿಮ್ಮ ಪಾಲುದಾರನ ಬಳಿ ಹೋಗಿ, ಇಬ್ಬರೂ ಆರೋಗ್ಯವಾಗಿರುವಾಗಲೇ ಕುಳಿತು ಬರೆಯಿರಿ. ಮನೆಯಲ್ಲಿ ಪತ್ನಿಗೆ, ದೊಡ್ಡ ಮಕ್ಕಳಿಗೆ ಬರಬೇಕಾದುದೆಷ್ಟು, ಕೊಡಬೇಕಾದುದೆಷ್ಟು ಎಂಬುದನ್ನು ತಿಳಿಸಿರಿ. ತಂದೆಯ ಗಲ್ಲಾ ಪೆಟ್ಟಿಗೆಯ ಬೀಗದಕೈ ಕೈಗೆ ಬಂದ ಮಕ್ಕಳೇ, ಅವರ ಮಾತಿನ ಬೀಗದಕೈಯೂ ಅದರ ಜೊತೆಗೇ ಬಂದಿದೆ ಎಂಬುದನ್ನು ಮರೆಯದಿರಿ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿರಿಸಲಿ. ಕೊಟ್ಟ ಮಾತನ್ನು ಉಳಿಸುವ ಶಕ್ತಿಯನ್ನು ನಮಗೂ, ನಮ್ಮ ಬಳಿಕ ಬರುವವರಿಗೂ ದಯಪಾಲಿಸಲಿ. ಅನಾಥರ ಒಂದು ಕಾಳೂ ನಮ್ಮ ಚೀಲದಲ್ಲಿ ಉಳಿಯದಂತೆ ಕಾಪಾಡಲಿ. ಆಮೀನ್.